ಪದ ಪರಿಚಯ: ಕಾರ್‌ಪೂಲ್ ಲೇನ್

ಒಂದೇ ದಾರಿಯವರು ಒಂದೇ ಕಾರಿನಲ್ಲಿ ಕೂಡಿ ಹೋಗುವುದು ಕಾರ್‌ಪೂಲ್. ಇಲ್ಲಿನ ‘ಪೂಲ್’ಗೆ ಆಟದಲ್ಲಿ ಎಲ್ಲರೂ ಸೇರಿ ಒಡ್ಡುವ ಪಣ ಎಂದು ಹಳೆಯ ಅರ್ಥ; ಅದರ ಮೂಲ, ಹೇಂಟೆಯನ್ನು ಸೂಚಿಸುವ ಫ್ರೆಂಚಿನ ‘ಪುಲ್’. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು, ರಬ್ಬರು ಉಳಿಸಲು ಅಮೆರಿಕ ಈ ಪದ್ಧತಿಗೆ ಒತ್ತು ಕೊಟ್ಟಿತು.

ಹೀಗೆ ಕೂಡಿ ಹೋಗುವವರಿಗೆ ಹೆದ್ದಾರಿಯಲ್ಲಿ ಮೀಸಲಾದ ಪಥವೇ ಕಾರ್‌ಪೂಲ್ ಲೇನ್. ಅಮೆರಿಕದಲ್ಲಿ ಅದರ ಗುರುತು ವಜ್ರಾಕೃತಿ. 1976ರಲ್ಲಿ ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ ಇದ್ದ ಪಥವನ್ನೇ ಬಸ್ಸುಗಳಿಗೆ, ಕನಿಷ್ಠ ಮೂವರಿರುವ ಕಾರುಗಳಿಗೆ ಮೀಸಲಿಟ್ಟಾಗ ಜನ ಸಿಡಿದೆದ್ದರು. ನ್ಯಾಯಾಲಯದ ಆದೇಶದಿಂದ ಕೆಲವೇ ತಿಂಗಳಲ್ಲಿ ಅದು ನಿಂತಿತು. ಆಮೇಲೆ ಕ್ಯಾಲಿಫೋರ್ನಿಯಾ ಹೊಸ ಪಥಗಳನ್ನು ಸೇರಿಸುವ ದಾರಿ ಹಿಡಿಯಿತು.

ಬಳಕೆ: “ಮೂವರಿದ್ದೀವಲ್ಲ, ಕಾರ್‌ಪೂಲ್ ಲೇನಿಗೇ ತಗೋ.”

ರಸ್ತೆಯನ್ನು ಅದು ಸಾಗಿಸುವ ಜನರ ಲೆಕ್ಕದಲ್ಲಿ ಅಳೆಯುವ ಈ ಪದ ನಮ್ಮ ನಗರ ಯೋಜಕರ ನಾಲಗೆಯ ಮೇಲೂ ನೆಲೆಸಬೇಕು.