ಕಿವಿಯೊಳಗಿನ ಗಿರಣಿ

2006ರ ಮಾತು. ರಾತ್ರಿ ಹನ್ನೊಂದಾದರೂ ಹಿಟ್ಟಿನ ಗಿರಣಿ ನಡೆಸುತ್ತಾರಲ್ಲ, ಇವರಿಗೆ ಹೇಳುವವರು ಕೇಳುವವರು ಇಲ್ಲವೇ ಎಂದು ನಾನು ಗೊಣಗಿದೆ. ನನ್ನವರು ಎದ್ದು ಕಿಟಕಿ ತೆರೆದು, "ಗಿರಣಿ ಏಳು ಗಂಟೆಗೇ ಮುಚ್ಚಿದೆ ಕಣೇ" ಎಂದರು. ಫ್ರಿಜ್ ಇರಬಹುದೆಂದು ಅದನ್ನು ಆರಿಸಿದೆ. ಮೇನ್ ಸ್ವಿಚ್ಚನ್ನೇ ತೆಗೆದೆ. ಮನೆ ಕತ್ತಲಾಯಿತೇ ಹೊರತು ಸದ್ದು ನಿಲ್ಲಲಿಲ್ಲ. ಎಡಗಿವಿಗೆ ಬೆರಳಿಟ್ಟರೆ ಇನ್ನೂ ಜೋರಾಯಿತು. ಗಿರಣಿ ಇದ್ದದ್ದು ನನ್ನ ಕಿವಿಯೊಳಗೇ!

ವಾರದೊಳಗೆ ತಲೆಸುತ್ತೂ ಬಂತು. ಒಗ್ಗರಣೆ ಹಾಕುತ್ತಿದ್ದವಳು ಕಟ್ಟೆ ಹಿಡಿದುಕೊಂಡು ಕುಸಿದೆ. ಮೊದಲು ತೋರಿಸಿದ ವೈದ್ಯರು, "ಈ ವಯಸ್ಸಿನಲ್ಲಿ ಹೆಂಗಸರಿಗೆ ಇದೆಲ್ಲ ಸಹಜ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು.

ಆಗ ನನಗೆ ದೊಡ್ಡಮ್ಮ ನೆನಪಾದಳು. ಅವಳೂ ಕಿವಿಯಲ್ಲಿ ದುಂಬಿ ಕೂತಿದೆ ಎನ್ನುತ್ತಿದ್ದಳು, ಸುತ್ತಿ ಬೀಳುತ್ತಿದ್ದಳು. ಗಾಳಿ ಸೋಕಿದೆ ಎಂದು 1964ರಲ್ಲಿ ಅವಳಿಗೆ ತಾಯಿತ ಕಟ್ಟಿಸಿದರು. ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ.

ಮಗಳ ಹಟಕ್ಕೆ ಕಿವಿಯ ಡಾಕ್ಟರಮ್ಮನ ಬಳಿ ಹೋದೆ. ಗುಗ್ಗೆ ಕಟ್ಟಿಲ್ಲವೆಂದು ನೋಡಿ, ಕವಲಿರುವ ಉಕ್ಕಿನ ತುಂಡೊಂದನ್ನು ಮಿಡಿದು ಹಣೆಗಿಟ್ಟು, ಯಂತ್ರದಲ್ಲೂ ಪರೀಕ್ಷೆ ಮಾಡಿಸಿದರು. ಎಡಗಿವಿಗೆ ತಗ್ಗಿದ ಸ್ವರಗಳೇ ಸರಿಯಾಗಿ ಕೇಳುತ್ತಿರಲಿಲ್ಲ. "ಇದು ಮೆನಿಯೇರ್ ಕಾಯಿಲೆ. ತೊಂದರೆ ಇರುವುದು ಕಿವಿಯಲ್ಲಿ, ಮನಸ್ಸಿನಲ್ಲಲ್ಲ" ಎಂದರು. ಆ ಒಂದು ಮಾತಿಗೆ ನನಗೆ ಅಳು ಬಂತು.

ಈ ಮೆನಿಯೇರ್ ಯಾರು ಎಂದು ಆಮೇಲೆ ಹುಡುಕಿ ಓದಿದೆ. ಪ್ರಾಸ್ಪರ್ ಮೆನಿಯೇರ್ 1838ರಿಂದ ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯರು. ಆ ಕಾಲದಲ್ಲಿ ಯಾರಾದರೂ ತಲೆಸುತ್ತಿ, ವಾಂತಿಯಾಗಿ ಬಿದ್ದರೆ ಮೆದುಳಿಗೆ ರಕ್ತ ನುಗ್ಗಿದೆ ಎಂದು ಜಿಗಣೆ ಹಚ್ಚಿ ರಕ್ತ ತೆಗೆಯುತ್ತಿದ್ದರು. ಮೆನಿಯೇರ್ ಮಾತ್ರ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದರು. ಬಿದ್ದವರ ಕಿವಿಯಲ್ಲಿ ಸದ್ದು, ದಿನ ಕಳೆದಂತೆ ಕಿವುಡು. ಆದರೆ ಲಕ್ವದ ಸುಳಿವೇ ಇಲ್ಲ. ಒಳಗಿವಿಯ ಅರ್ಧವೃತ್ತದ ನಾಳಗಳನ್ನು ಕತ್ತರಿಸಿದರೆ ಪಾರಿವಾಳ ಗಿರಗಿರನೆ ಸುತ್ತುತ್ತದೆಂದು ಫ್ಲೂರಾನ್ಸ್ ಎಂಬ ವಿಜ್ಞಾನಿ ಮೊದಲೇ ತೋರಿಸಿದ್ದರು. ಎರಡನ್ನೂ ಕೂಡಿಸಿ, 1861ರ ಜನವರಿಯಲ್ಲಿ ವೈದ್ಯರ ಅಕಾಡೆಮಿಯ ಮುಂದೆ ಮೆನಿಯೇರ್ ಹೇಳಿದರು: ಇದರ ಮೂಲ ಮೆದುಳಲ್ಲ, ಒಳಗಿವಿ. ಮರುವರ್ಷವೇ ಅವರು ತೀರಿಕೊಂಡರು. ಒಳಗಿವಿಯ ದ್ರವ ಹೆಚ್ಚಾಗಿ ಅದರ ಚೀಲ ಉಬ್ಬಿರುತ್ತದೆ ಎಂಬುದು ಕಣ್ಣಿಗೆ ಬಿದ್ದದ್ದು 1938ರಲ್ಲಿ. ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಅದೇ ವರ್ಷ ಜಪಾನಿನ ಯಮಕವಾ, ತೀರಿಕೊಂಡ ರೋಗಿಗಳ ಕಿವಿಯೆಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದನ್ನು ಕಂಡರು. ಅದು ಏಕೆ ಉಬ್ಬುತ್ತದೆ ಎಂಬುದು ಮಾತ್ರ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರಮ್ಮ. ಮಿಡಿ ಉಪ್ಪಿನಕಾಯಿಯ ಭರಣಿ ತಂಗಿಯ ಮನೆ ಸೇರಿತು. ತಲೆಸುತ್ತು ಈಗ ಅಪರೂಪ. ಗಿರಣಿ ಕೆಲವು ರಾತ್ರಿ ತಿರುಗುತ್ತದೆ. ಅದು ಯಾವುದೆಂದು ಗೊತ್ತಿರುವುದರಿಂದ ಮಗ್ಗುಲು ಬದಲಿಸಿ ಮಲಗುತ್ತೇನೆ.

ದೊಡ್ಡಮ್ಮನದೂ ಇದೇ ಕಾಯಿಲೆಯೋ ಏನೋ, ಈಗ ಹೇಳುವವರಿಲ್ಲ. ಅವಳ ತೋಳಿಗೆ ತಾಯಿತ ಬಿದ್ದಾಗ ಪ್ಯಾರಿಸ್ಸಿನ ಆ ಮಾತಿಗೆ 103 ವರ್ಷವಾಗಿತ್ತು. ದುಂಬಿ ಕೂತಿದೆ ಎಂದು ಅವಳು ಹೇಳುತ್ತಲೇ ಇದ್ದಳು. ಅವಳ ಕಿವಿಯನ್ನು ಒಬ್ಬರೂ ನೋಡಲಿಲ್ಲ.