ಕಹಳೆ ದೊರೆಯದು, ಉಸಿರು ಯಾರದು?

ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಅಂದರೆ ಎಂಟನೆಯ ಶತಮಾನದ ಶಾಸನವಿದೆ. ಹಾನಗಲ್ಲಿನ ಕಡೆ ಹೋದರೆ ಕದಂಬರ ಕಲ್ಲುಗಳು ಸಿಗುತ್ತವೆ. ಆ ಕದಂಬರು ತಮ್ಮ ಹೆಸರಿಗೆ ಮುಂಚೆ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂದು ಕೆತ್ತಿಸಿಕೊಂಡರು. ಐದು ಮಹಾಶಬ್ದಗಳೆಂದರೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಶೃಂಗ ಅಂದರೆ ನಮ್ಮ ಕೊಂಬು. ಕೊಂಬು ಊದಿಸಿಕೊಳ್ಳುವ ಹಕ್ಕು ಯಾರದಿತ್ತು ಎಂಬುದು ಕಲ್ಲಿನ ಮೇಲಿದೆ. ಊದಿದವನ ಹೆಸರಿಗೆ ಆ ಬಿರುದಿನೊಳಗೆ ಜಾಗವಿಲ್ಲ.

ಅರಸರು ಹೋದರು, ಪದ್ಧತಿ ಹೋಗಲಿಲ್ಲ. ಜಾತ್ರಿ, ಮದುವಿ, ಮೆರವಣಿಗಿಗೆ ನಮ್ಮವರ ಉಸಿರು ಬೇಕು. ಊದಿ ಮುಗಿಸಿದ ಮೇಲೆ ಚಪ್ಪರದ ಹೊರಗ ಕುಂದ್ರಬೇಕು. 1977ರಲ್ಲಿ ‘ಸನಾದಿ ಅಪ್ಪಣ್ಣ’ ಸಿನಿಮಾ ಬಂದಾಗ ರಾಜಕುಮಾರ್ ಕೈಯಲ್ಲಿದ್ದ ಸನಾದಿಗೆ, ಅದರ ಹಿಂದಿದ್ದ ಬಿಸ್ಮಿಲ್ಲಾ ಖಾನರ ಶಹನಾಯಿಗೆ ನಾಡು ತಲೆದೂಗಿತು. ಅದೇ ನಾಡು ಊರಿನ ಭಜಂತ್ರಿಯನ್ನು ಜಗಲಿ ಹತ್ತಗೊಡಲಿಲ್ಲ. ಇದರ ಜೊತೆಗೆ ಟ್ರಂಪೆಟ್ ಊದುವ ಕೇರಿಯ ಹುಡುಗರಿಗೆ ಇನ್ನೊಂದು ಮಾತು ಸದಾ ಕಾದಿರುತ್ತದೆ: “ಈ ಬ್ಯಾಂಡಿನವ್ರು ಬರೇ ಬೇಸೂರ ಊದ್ತಾರ್ರಿ.”

ಗೆಳೆಯರೆ, ಈ ಬೇಸೂರು ಎಲ್ಲಿಂದ ಬಂತು? ಜಾತಿಯಿಂದಲೋ, ಕೊಳವೆಯಿಂದಲೋ?

ಕೊಂಬಿಗೆ ತೂತಿಲ್ಲ, ಗುಂಡಿಯಿಲ್ಲ. ತುಟಿಯ ಬಿಗಿ ಬದಲಿಸಿದಂತೆ ಕೊಳವೆ ತನ್ನ ಲೆಕ್ಕದ ಸ್ವರಗಳನ್ನಷ್ಟೇ ಕೊಡುತ್ತದೆ: ಸ, ಮೇಲಿನ ಸ, ಪ, ಮತ್ತೆ ಸ, ಐದನೆಯದಾಗಿ ಗ. ಒಂದು ಸಪ್ತಕವನ್ನು 1,200 ಪಾಲು ಮಾಡಿದರೆ ಹಾರ್ಮೋನಿಯಂ ಪೆಟ್ಟಿಗೆಯ ಗಾಂಧಾರ 400ರಲ್ಲಿ ಕೂತಿರುತ್ತದೆ. ಕೊಳವೆಯ ಗಾಂಧಾರ ಬೀಳುವುದು 386ರಲ್ಲಿ. ಪೆಟ್ಟಿಗೆಯ ಪಕ್ಕ ನಿಂತು ಊದಿದವನು 14 ಪಾಲು ಇಳಿದ, ಅವನದು ಬೇಸೂರು ಎಂದಾಯಿತು. ಆದರೆ ತಂಬೂರಿಯ ತಂತಿಯನ್ನು ಸರಿಯಾಗಿ ಕೂಡಿಸಿ ಮಿಡಿದರೆ ಒಳಗಿನಿಂದ ಕೇಳುವ ಗಾಂಧಾರವೂ ಆ 386ರದೇ! ಗವಾಯಿಗಳು ಕಣ್ಣು ಮುಚ್ಚಿ ಹುಡುಕುವ ಸ್ವರ ಕೊಂಬಿಗೆ ಹುಟ್ಟಿನಿಂದಲೇ ಬಂದಿದೆ. ಈ ಪೆಟ್ಟಿಗೆ ನಮ್ಮ ಸ್ವರಕ್ಕೆ ಒಗ್ಗುವುದಿಲ್ಲವೆಂದೇ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರವರೆಗೆ ಬಾಗಿಲು ಮುಚ್ಚಿತ್ತು. ಆದರೂ ಕಛೇರಿಯ ಜಮಖಾನದ ಮೇಲೆ ಪೆಟ್ಟಿಗೆಗೆ ಜಾಗ ತಪ್ಪಲಿಲ್ಲ. ನಮ್ಮ ಪೀಪಿಗೆ ಮಾತ್ರ ಬೀದಿಯೇ ಗತಿ.

ಹಾಗೆಂದು ಎಲ್ಲ ತಪ್ಪನ್ನೂ ಪೆಟ್ಟಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಟ್ರಂಪೆಟ್ಟಿಗೆ ಅದರದೇ ಐಬಿದೆ. ಯುರೋಪಿನಲ್ಲಿ 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದರು. ಈಗಿನ ಪಿಸ್ಟನ್ ಮಾದರಿ 1839ರದು, ಪ್ಯಾರಿಸಿನ ಪೆರಿನೆಯದು. ದಂಡಿನ ಬ್ಯಾಂಡುಗಳ ಜೊತೆ ಅದು ಇಲ್ಲಿಗೆ ಬಂತು. ಬ್ರಿಟಿಷ್ ದಂಡಿನಲ್ಲಿ ಬ್ಯಾಂಡ್ ನಡೆಸಿದ್ದ ನಾದಿರ್ ಅಲಿ 1885ರಲ್ಲಿ ಮೀರತ್ತಿನಲ್ಲಿ ಕಟ್ಟಿದ ಕಂಪನಿಯಿಂದ ಹಿತ್ತಾಳೆ ವಾದ್ಯಗಳು ಹಳ್ಳಿ ಹಳ್ಳಿಗೆ ಹರಿದವು. ವಾದ್ಯ ಬಂತು, ಅದರ ಲೆಕ್ಕ ಹೇಳಿಕೊಡುವ ಮೇಷ್ಟ್ರು ಕೇರಿಗೆ ಬರಲಿಲ್ಲ.

ಲೆಕ್ಕ ಇಷ್ಟೇ. ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೀಟಾಗಿ ಹಾಸಿದರೆ ಸುಮಾರು 148 ಸೆಂ.ಮೀ. ಎರಡನೆಯ ಗುಂಡಿ ಒತ್ತಿದರೆ 9 ಸೆಂ.ಮೀ. ಕೂಡಿ ಅರ್ಧಸ್ವರ ಇಳಿಯುತ್ತದೆ. ಮೊದಲನೆಯದಕ್ಕೆ 18, ಮೂರನೆಯದಕ್ಕೆ 28. ಮೂರನ್ನೂ ಒಟ್ಟಿಗೆ ಒತ್ತಿದರೆ 55 ಸೆಂ.ಮೀ. ಆಯಿತು. ಆದರೆ ಆರು ಅರ್ಧಸ್ವರ ಇಳಿಯಲು ಬೇಕಾದದ್ದು 61. ಉದ್ದವಾದ ಕೊಳವೆಗೆ ಕೂಡಿಸುವ ತುಂಡೂ ಉದ್ದವಾಗಿರಬೇಕಲ್ಲ! ಆರು ಸೆಂ.ಮೀ. ಕೊರತೆಯಿಂದ ಸ್ವರ ಅರ್ಧಸ್ವರದ ಅರ್ಧದಷ್ಟು ಮೇಲಕ್ಕೇರಿ ನಿಲ್ಲುತ್ತದೆ. ಒಂದು-ಮೂರು ಗುಂಡಿ ಕೂಡಿಸಿದಾಗಲೂ ಏರುತ್ತದೆ, ಸ್ವಲ್ಪ ಕಡಿಮೆ. ಅದನ್ನು ಸರಿಪಡಿಸಲೆಂದೇ ಮೂರನೆಯ ಕೊಳವೆಗೆ ಜಾರುವ ಸ್ಲೈಡು, ಬೆರಳಿಗೊಂದು ಉಂಗುರ. ಕೈದಾಟಿ ಕೈದಾಟಿ ನಮಗೆ ತಲುಪುವ ಹಳೇ ಪೀಪಿಯಲ್ಲಿ ಆ ಸ್ಲೈಡು ತುಕ್ಕು ಕಚ್ಚಿ ಕೂತಿರುತ್ತದೆ. ಹಾಗಿರುವಾಗ ಬೇಸೂರು ಹುಡುಗನ ಹುಟ್ಟಿನದೋ, ಜಾಮಾದ ಸ್ಲೈಡಿನದೋ?

ಆದ್ದರಿಂದ ಮೊದಲ ಕೆಲಸ ಕೊಳವೆ ತೊಳೆದು, ಸ್ಲೈಡು ಬಿಡಿಸಿ, ಗ್ರೀಸ್ ಹಚ್ಚುವುದು. ಆಮೇಲೆ ಕಿವಿ. ಸನಾದಿ ಮೇಳದಲ್ಲಿ ಒಬ್ಬಾತ ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ. ಬ್ಯಾಂಡಿನ ಹುಡುಗರು ಅವನನ್ನೇ ಗುರು ಮಾಡಿಕೊಳ್ಳಬೇಕು. ಅವನ ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಅದನ್ನೇ ಊದಬೇಕು. ಬಾಯಿಗೆ ಬಾರದ್ದು ಪೀಪಿಗೂ ಬಾರದು. ಇಬ್ಬರೇ ಇದ್ದರೂ ಸಾಕು: ಇಬ್ಬರೂ ಒಂದೇ ‘ಸ’ ಹಿಡಿಯಲಿ. ಹೊಂದದಿದ್ದರೆ ದನಿಯೊಳಗೆ ‘ವಂವ್ ವಂವ್’ ಎಂದು ತೆರೆ ಏಳುತ್ತದೆ, ಹತ್ತಿರ ಬಂದಂತೆ ತೆರೆ ನಿಧಾನವಾಗುತ್ತದೆ, ಕೂಡಿದಾಗ ನಿಂತೇಹೋಗುತ್ತದೆ. ಆಮೇಲೆ ಒಬ್ಬ ‘ಸ’ದಲ್ಲೇ ನಿಂತು ಇನ್ನೊಬ್ಬ ‘ಪ’ಕ್ಕೆ ಹೋಗಲಿ. ಇದಕ್ಕೆ ಪೆಟ್ಟಿಗೆ ಬೇಡ, ಯಾರ ಅಪ್ಪಣೆಯೂ ಬೇಡ. ಮೇಲಿನ ಸ್ವರಕ್ಕೆ ತುಟಿ ಹಿಂಡಿ ಗಲ್ಲ ಎಳೆದರೆ ಸ್ವರ ಏರುತ್ತದೆ. ಹೊಟ್ಟೆಯ ಉಸಿರು ಏರಿ ತುಟಿ ಸಡಿಲವಿರಬೇಕು. ಖಾಲಿ ಹೊಟ್ಟೆಯಲ್ಲಿ ಮೂರು ತಾಸು ನಡೆದವನಿಗೆ ಇದನ್ನು ಹೇಳುವುದು ಸುಲಭ, ಮಾಡಿಸುವುದು ಕಷ್ಟ ಎಂಬುದನ್ನೂ ನಾವು ಬಲ್ಲೆವು.

ಚಳವಳಿಯ ಗೆಳೆಯರು ಕೇಳುತ್ತಾರೆ: ವಾದ್ಯವನ್ನೇ ಬಿಡಬೇಕಲ್ಲವೆ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ಧರ್ಮ ಸ್ವೀಕರಿಸಿದ ಮೇಲೆ ಎಷ್ಟೋ ಕೇರಿಗಳು ಊರ ದೇವರ ಮುಂದೆ ಹಲಗೆ ಬಾರಿಸುವುದನ್ನು ನಿಲ್ಲಿಸಿದವು. ನಮ್ಮಲ್ಲಿಯೂ ಎಪ್ಪತ್ತರ ದಶಕದ ನಂತರ ದಲಿತ ಸಂಘರ್ಷ ಸಮಿತಿಯ ಹುಡುಗರು ಬಿಟ್ಟಿ ಚಾಕರಿಗೆ ಬೆನ್ನು ತಿರುಗಿಸಿದರು. ಅದು ಸರಿ. ಬಿಟ್ಟಿಯಾಗಿ ಬಾರಿಸುವ ಹಲಗೆಯನ್ನು ಕೆಳಗಿಡಲೇಬೇಕು. ಟ್ರಂಪೆಟ್ಟನ್ನು ಯಾವ ಗೌಡನೂ ನಮ್ಮ ಹಣೆಗೆ ಬರೆದಿಲ್ಲ. ದುಡ್ಡು ಕೊಟ್ಟು ತಂದದ್ದು. ಅದನ್ನು ಬಿಡುವುದಕ್ಕಿಂತ ಪೂರಾ ಕಲಿಯುವುದು ಹೆಚ್ಚಿನ ಬಂಡಾಯ ಎಂಬುದು ನಮ್ಮ ಅಭಿಪ್ರಾಯ.

1901ರಲ್ಲಿ ನ್ಯೂ ಆರ್ಲಿಯನ್ಸಿನ ಬಡ ಕರಿಯರ ಕೇರಿಯಲ್ಲಿ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ಟಿನ ಪಾಠ ಪಡೆದದ್ದು ಕರಿಯ ಹುಡುಗರನ್ನು ಕೂಡಿಹಾಕುತ್ತಿದ್ದ ಸುಧಾರಣಾ ಮಂದಿರದ ಬ್ಯಾಂಡಿನಲ್ಲಿ. ಅವನ ಜನ ಗಾಂಧಾರ ನಿಷಾದಗಳನ್ನು ಚೂರು ಇಳಿಸಿ ಹಾಡುತ್ತಿದ್ದರು. ಆ ಇಳಿತವೇ ಜಾಝಿನ ಜೀವಾಳವಾಯಿತು. ಒಂದು ಎಚ್ಚರ: ಬೇಕೆಂದು ಇಳಿಸುವುದು ಬೇರೆ, ತಾನಾಗಿ ಇಳಿಯುವುದು ಬೇರೆ. ಆರ್ಮ್‌ಸ್ಟ್ರಾಂಗ್‌ಗೆ ಎರಡೂ ಗೊತ್ತಿತ್ತು.

ಏಪ್ರಿಲ್ 14ರ ಜಯಂತಿ ಮೆರವಣಿಗೆ ನಮ್ಮ ಭಾಗದಲ್ಲಿ ರಣಬಿಸಿಲಿನಲ್ಲಿ ಹೊರಡುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಕಾದರೆ ಸ್ವರ ಸುಮಾರು ಮೂರು ಪಾಲು ಏರುತ್ತದೆ. ನೆರಳಲ್ಲಿ ಕೂಡಿಸಿದ ಪೀಪಿ ಚೌಕಕ್ಕೆ ಬರುವ ಹೊತ್ತಿಗೆ ಮೇಲೆ ಹೋಗಿರುತ್ತದೆ. ಒಬ್ಬರು ‘ಸ’ ಹಿಡಿಯಿರಿ, ಉಳಿದವರು ತೆರೆ ನಿಲ್ಲುವ ತನಕ ದೊಡ್ಡ ಸ್ಲೈಡನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆಳೆಯಿರಿ. ಎರಡು ಹಾಡಿಗೊಮ್ಮೆ ಮತ್ತೆ ನೋಡಿಕೊಳ್ಳಬೇಕಾಗುತ್ತದೆ.