ಭವಿಷ್ಯ ನಿಧಿ: ಮಾಲೀಕರ ಸಹಿ ದೊರೆಯದಾಗ

ಡುಲುತ್‌ನಲ್ಲಿ ನೆಲೆಸುವ ಮುನ್ನ ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದೆ. ಕೆಲಸ ಬಿಟ್ಟು ಭವಿಷ್ಯ ನಿಧಿಯ ಹಣ ಕೇಳಿದಾಗ ಆಡಳಿತದವರು ಅರ್ಜಿಗೆ ಸಹಿ ಹಾಕಲಿಲ್ಲ. ಪತ್ರ ಬರೆಯುವುದರಲ್ಲೇ ಎರಡು ವರ್ಷ ಕಳೆದವು.

ನಿಧಿಯಲ್ಲಿ ಜಮೆಯಾದ ಹಣ, ಮಾಲೀಕರ ವಂತಿಗೆಯೂ ಸೇರಿ, ನೌಕರನದೇ. ಸಹಿ ಕೇವಲ ದೃಢೀಕರಣ, ಅನುಮತಿಯಲ್ಲ. 2017ರ ಸಂಯುಕ್ತ ಅರ್ಜಿ ನಮೂನೆ ಬಂದ ಮೇಲೆ, ಯುಎಎನ್‌ಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಾಗಿದ್ದವರಿಗೆ ಆ ಸಹಿಯೂ ಬೇಕಿಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ದಾಖಲಿಸದಿದ್ದರೆ, ಕೊನೆಯ ವಂತಿಗೆ ಸಂದು ಎರಡು ತಿಂಗಳಾದ ಬಳಿಕ ಸದಸ್ಯರೇ ಅಂತರ್ಜಾಲದಲ್ಲಿ ದಾಖಲಿಸಬಹುದು. 2020ರಿಂದ ಈ ಸೌಲಭ್ಯವಿದೆ. ಒಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರುವುದರಿಂದ, ವಿದೇಶಕ್ಕೆ ಹೊರಟವರು ಊರಿನ ಸಿಮ್ ಅನ್ನು ನಿಲ್ಲಿಸಬಾರದು.

ಆಧಾರ್ ಇಲ್ಲದವರಿಗೆ ಕಾಗದದ ಅರ್ಜಿಯೇ ದಾರಿ. ಮಾಲೀಕರು ಸಹಿ ನಿರಾಕರಿಸಿದರೆ ಕಾರಣ ಬರೆದು, ಗೆಜೆಟೆಡ್ ಅಧಿಕಾರಿಯಿಂದಲೋ ತಮ್ಮ ಉಳಿತಾಯ ಖಾತೆಯಿರುವ ಬ್ಯಾಂಕಿನ ಮ್ಯಾನೇಜರರಿಂದಲೋ ದೃಢೀಕರಣ ಪಡೆಯಬಹುದು. ರಜೆಯಲ್ಲಿ ಊರಿಗೆ ಹೋದಾಗ ನಾನು ಹೀಗೆಯೇ ಮ್ಯಾನೇಜರರ ಸಹಿ ಪಡೆದೆ, ಹಣ ಕೈಸೇರಿತು. ಮೊದಲೇ ತಿಳಿದಿದ್ದರೆ ಆ ಎರಡು ವರ್ಷ ಯಾರನ್ನೂ ಬೇಡಬೇಕಿರಲಿಲ್ಲ.